ಎರಡು ವಾರದ ರಿವ್ಯೂ, ಮೂರು ತಿಂಗಳ ಕೂದಲು

(ಮನೆಯಲ್ಲಿ ಬಳಸುವ ಶಾಂಪೂ, ಎಣ್ಣೆ, ಸೀರಮ್, ಬಣ್ಣಗಳ ಬಗ್ಗೆ ಆನ್‌ಲೈನ್‌ನಲ್ಲಿ ಓದುವುದನ್ನು ಹೇಗೆ ಅಳೆಯಬೇಕು ಅನ್ನುವುದರ ಮೇಲೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಚರ್ಮದ ಡಾಕ್ಟರ್ ಅಲ್ಲ, ರಸಾಯನಶಾಸ್ತ್ರ ಪಾಠ ಮಾಡುವವಳು. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದುವ ಅಭ್ಯಾಸ ನನಗೆ ಕೆಲಸದಿಂದ ಬಂತು. ರಿವ್ಯೂಗಳನ್ನು ಎಚ್ಚರದಿಂದ ಓದುವ ಅಭ್ಯಾಸ ಬಂದದ್ದು ಮಾತ್ರ ನಾನೇ ಬರೆದ ಒಂದು ರಿವ್ಯೂದಿಂದ.

ಕೆಲವು ವರ್ಷಗಳ ಹಿಂದೆ ನನಗೆ ಜೋರು ಜ್ವರ ಬಂದಿತ್ತು. ಹತ್ತು ದಿನ ಹಾಸಿಗೆ ಹಿಡಿದಿದ್ದೆ. ಹುಷಾರಾಗಿ, ಕೆಲಸಕ್ಕೆ ಹೋಗಿ, ಜ್ವರ ಬಂದಿದ್ದೇ ಮರೆತುಹೋಗಿತ್ತು. ಸುಮಾರು ಎರಡೂವರೆ ತಿಂಗಳಾದ ಮೇಲೆ ಕೂದಲು ಉದುರಲು ಶುರುವಾಯಿತು. ಬಾಚಣಿಗೆ ತುಂಬ ಕೂದಲು. ದಿಂಬಿನ ಮೇಲೆ ಕೂದಲು. ಸ್ನಾನ ಮಾಡಿದರೆ ನೀರು ಹೋಗುವ ಜಾಗದಲ್ಲಿ ಉಂಡೆ ಉಂಡೆ ಕೂದಲು. ಎಷ್ಟೋ ರಾತ್ರಿ ಅತ್ತಿದ್ದೇನೆ. ಆಗ ಸಾವಿರಾರು ಜನ ಐದು ಸ್ಟಾರ್ ಕೊಟ್ಟಿದ್ದ ಒಂದು ಎಣ್ಣೆ ತರಿಸಿದೆ. ವಾರಕ್ಕೆ ಮೂರು ಸಲ ಬುಡಕ್ಕೆ ಹಚ್ಚಿ ತಿಕ್ಕಿದೆ. ಎರಡು ತಿಂಗಳಲ್ಲಿ ಉದುರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಖುಷಿಯಲ್ಲಿ ನಾನೂ ಐದು ಸ್ಟಾರ್ ಕೊಟ್ಟೆ. ‘ನನ್ನ ಕೂದಲು ಉಳಿಸಿದ ಎಣ್ಣೆ’ ಅಂತ ಬರೆದೆ. ದುಡ್ಡು ತಗೊಂಡು ಬರೆದದ್ದಲ್ಲ. ಮನಸ್ಸಿನಲ್ಲಿ ಇದ್ದದ್ದನ್ನೇ ಬರೆದೆ.

ಆದರೂ ಆ ರಿವ್ಯೂ ತಪ್ಪು. ಯಾಕೆ ತಪ್ಪು ಅಂತ ತಿಳಿಯಬೇಕಾದರೆ ಕೂದಲು ಹೇಗೆ ಬೆಳೆಯುತ್ತದೆ ಅಂತ ಸ್ವಲ್ಪ ನೋಡಬೇಕು.

ನಮ್ಮ ತಲೆಯಲ್ಲಿ ಹೆಚ್ಚುಕಡಿಮೆ 1 ಲಕ್ಷ ಕೂದಲಿರುತ್ತವೆ. ಎಲ್ಲವೂ ಒಟ್ಟಿಗೆ ಬೆಳೆಯುವುದಿಲ್ಲ. ಒಂದು ಕೂದಲು 2 ರಿಂದ 6 ವರ್ಷ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು 3 ತಿಂಗಳು ಸುಮ್ಮನೆ ಕೂರುತ್ತದೆ. ಕೊನೆಗೆ ಉದುರುತ್ತದೆ. ಅದೇ ಬುಡದಿಂದ ಹೊಸದು ಬರುತ್ತದೆ. ಯಾವ ದಿನ ನೋಡಿದರೂ 100ಕ್ಕೆ 85-90 ಕೂದಲು ಬೆಳೆಯುವ ಹಂತದಲ್ಲೇ ಇರುತ್ತವೆ. ಉಳಿದವು ಉದುರುವ ಸರದಿಗೆ ಕಾಯುತ್ತಿರುತ್ತವೆ. ದಿನಕ್ಕೆ 50 ರಿಂದ 100 ಕೂದಲು ಹೋಗುವುದು ಸಹಜ. ಬೆಳೆಯುವ ವೇಗ ತಿಂಗಳಿಗೆ ಸುಮಾರು 1 ಸೆಂಟಿಮೀಟರ್, ಅಷ್ಟೇ.

ಜೋರು ಜ್ವರ, ಹೆರಿಗೆ, ದೊಡ್ಡ ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಮನಸ್ಸಿಗೆ ದೊಡ್ಡ ಪೆಟ್ಟು. ಇಂಥದ್ದೇನಾದರೂ ಆದಾಗ ತುಂಬ ಕೂದಲು ಒಮ್ಮೆಲೇ ಬೆಳೆಯುವುದನ್ನು ನಿಲ್ಲಿಸಿ ಆ ಮೂರು ತಿಂಗಳ ವಿಶ್ರಾಂತಿಗೆ ಹೋಗಿಬಿಡುತ್ತವೆ. ವಿಶ್ರಾಂತಿ ಮುಗಿದ ಮೇಲೆ ಎಲ್ಲಾ ಒಟ್ಟಿಗೆ ಉದುರುತ್ತವೆ. ಡಾಕ್ಟರುಗಳು ಇದನ್ನು ಟೆಲೋಜೆನ್ ಎಫ್ಲೂವಿಯಂ ಅನ್ನುತ್ತಾರೆ. ಕಾರಣ ಹೋಗಿದ್ದರೆ ಹೆಚ್ಚಿನವರಲ್ಲಿ ಇದು ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ. ಎಣ್ಣೆ ಹಚ್ಚಿದರೂ ನಿಲ್ಲುತ್ತದೆ, ಹಚ್ಚದಿದ್ದರೂ ನಿಲ್ಲುತ್ತದೆ.

ನಾವು ಎಣ್ಣೆ ತರಿಸುವುದು ಯಾವಾಗ? ಉದುರುವುದು ತುತ್ತತುದಿ ಮುಟ್ಟಿದಾಗ, ಅಲ್ವಾ? ಭಯ ಆಗುವುದೇ ಆಗ. ತುದಿ ಮುಟ್ಟಿದ ಮೇಲೆ ಅದು ಇಳಿಯಲೇಬೇಕು. ಇಳಿಯುವ ಹೊತ್ತಿಗೆ ನಮ್ಮ ಕೈಯಲ್ಲಿ ಯಾವ ಬಾಟಲಿ ಇರುತ್ತದೋ ಅದಕ್ಕೆ ಹೆಸರು ಬರುತ್ತದೆ. ನನಗೆ ಎಣ್ಣೆ ಇತ್ತು. ಇನ್ನೊಬ್ಬರಿಗೆ ಶಾಂಪೂ, ಮತ್ತೊಬ್ಬರಿಗೆ ಮಾತ್ರೆ. ಎಲ್ಲರೂ ನಿಜವನ್ನೇ ಬರೆಯುತ್ತಾರೆ. ಎಲ್ಲರ ಲೆಕ್ಕವೂ ತಪ್ಪಿರುತ್ತದೆ. ಅದಕ್ಕೇ ನಾನು ಹೇಳುವುದು, ಸುಳ್ಳು ರಿವ್ಯೂಗಿಂತ ಪ್ರಾಮಾಣಿಕ ರಿವ್ಯೂ ಓದುವುದೇ ಜಾಸ್ತಿ ಕಷ್ಟ.

ಹಾಗಾಗಿ ಕೂದಲು ಉದುರುವುದರ ಬಗ್ಗೆ, ಬೆಳೆಯುವುದರ ಬಗ್ಗೆ ಯಾವ ರಿವ್ಯೂ ಓದಿದರೂ ಮೊದಲು ‘ಎಷ್ಟು ದಿನ ಬಳಸಿದ್ದಾರೆ’ ಅಂತ ಹುಡುಕಿ. ‘ಎರಡು ವಾರದಲ್ಲಿ ಹೊಸ ಕೂದಲು ಬಂತು’ ಅಂತ ಬರೆದಿದ್ದರೆ ಲೆಕ್ಕ ಹಾಕಿ. ತಿಂಗಳಿಗೆ 1 ಸೆಂಟಿಮೀಟರ್ ಅಂದರೆ ಎರಡು ವಾರಕ್ಕೆ ಅರ್ಧ ಸೆಂಟಿಮೀಟರ್. ಹಣೆಯ ಅಂಚಿನಲ್ಲಿ ಎರಡು ಮೂರು ಸೆಂಟಿಮೀಟರ್ ಉದ್ದದ ಮರಿ ಕೂದಲು ಕಾಣಿಸುತ್ತಿದ್ದರೆ ಅವು ಬಾಟಲಿ ಮನೆಗೆ ಬರುವ ಮೊದಲೇ ಹುಟ್ಟಿದವು.

ಈ ತಪ್ಪು ಉಲ್ಟಾ ದಿಕ್ಕಿನಲ್ಲೂ ಆಗುತ್ತದೆ. ಅದರ ಬಗ್ಗೆ ಜನ ಮಾತಾಡುವುದು ಕಡಿಮೆ. ಮಿನಾಕ್ಸಿಡಿಲ್ ಅಂತ ಒಂದು ಔಷಧ ಇದೆ. ಮೊದಲು ರಕ್ತದೊತ್ತಡಕ್ಕೆ ನುಂಗುವ ಮಾತ್ರೆಯಾಗಿ ಬಂದದ್ದು. ಅದನ್ನು ತೆಗೆದುಕೊಂಡವರಿಗೆ ಮೈಮೇಲೆ ಕೂದಲು ಬೆಳೆಯುವುದನ್ನು ನೋಡಿ, ತಲೆಗೆ ಹಚ್ಚುವ ದ್ರವವನ್ನು ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಕೂದಲು ಬೆಳೆಸುತ್ತದೆ ಅಂತ ಸರಿಯಾದ ಪರೀಕ್ಷೆಗಳಲ್ಲಿ ತೋರಿಸಿದ ಕೆಲವೇ ಔಷಧಗಳಲ್ಲಿ ಇದೊಂದು. ಆದರೆ ಹಚ್ಚಲು ಶುರು ಮಾಡಿದ ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು. ಕೂತಿದ್ದ ಹಳೆ ಕೂದಲನ್ನು ತಳ್ಳಿಕೊಂಡು ಹೊಸದು ಹೊರಡುವುದರಿಂದ ಹಾಗಾಗುತ್ತದೆ. ಗುಣ ಕಾಣಲು ನಾಲ್ಕು ತಿಂಗಳಾದರೂ ಬೇಕು. ಈಗ ಅದರ ಒಂದು ಸ್ಟಾರ್ ರಿವ್ಯೂಗಳ ತಾರೀಕು ನೋಡಿ. ‘ಮೂರು ವಾರ ಹಚ್ಚಿದೆ, ಇದ್ದ ಕೂದಲೂ ಹೋಯಿತು’ ಅಂತ ಬರೆದವರ ಸಂಕಟ ನಿಜ. ತೀರ್ಪು ಮಾತ್ರ ಅವಸರದ್ದು. ಇದು ಔಷಧ ಆದ್ದರಿಂದ, ಹಚ್ಚುವ ಮೊದಲು ಡಾಕ್ಟರನ್ನು ಕೇಳಲೇಬೇಕು. ರಿವ್ಯೂ ಓದಿ ಶುರು ಮಾಡುವ ವಸ್ತು ಅಲ್ಲ ಅದು.

ಶಾಂಪೂಗೆ ಬರುವ ಒಂದು ಸ್ಟಾರ್‌ನಲ್ಲೂ ಇಂಥ ಗೊಂದಲ ಇದೆ. ‘ಈ ಶಾಂಪೂ ಹಾಕಿದ ದಿನ ಕೈತುಂಬ ಕೂದಲು ಬಂತು.’ ದಿನಕ್ಕೆ 70 ಕೂದಲು ಸಹಜವಾಗಿ ಬುಡ ಬಿಡುತ್ತವೆ ಅಂತಿಟ್ಟುಕೊಳ್ಳಿ. ಜಡೆ ಹಾಕಿ ನಾಲ್ಕು ದಿನಕ್ಕೊಮ್ಮೆ ತಲೆ ತೊಳೆದರೆ, ಬುಡ ಬಿಟ್ಟ ಕೂದಲಲ್ಲಿ ಎಷ್ಟೋ ಜಡೆಯೊಳಗೇ ಸಿಕ್ಕಿಕೊಂಡಿರುತ್ತವೆ. ತೊಳೆಯುವ ದಿನ ಇನ್ನೂರಕ್ಕೂ ಹೆಚ್ಚು ಒಟ್ಟಿಗೆ ಕೈಗೆ ಬರಬಹುದು. ಆ ಕೂದಲು ಉದುರಲು ಶಾಂಪೂ ಕಾರಣ ಅಲ್ಲ.

ಹಾಗಂತ ಬೇಗ ಬರೆದ ರಿವ್ಯೂ ಎಲ್ಲವೂ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ನುಣುಪು, ಹೊಳಪು, ಸಿಕ್ಕು ಬಿಡುವುದು, ನೊರೆ, ವಾಸನೆ, ಜಿಡ್ಡು ಹೋಯಿತೋ ಇಲ್ಲವೋ ಅನ್ನುವುದು ಒಂದೇ ಸಲಕ್ಕೆ ಗೊತ್ತಾಗುತ್ತದೆ. ಚರ್ಮದಿಂದ ಹೊರಗಿರುವ ಕೂದಲಿಗೆ ಜೀವ ಇಲ್ಲ. ಅದು ಕೆರಾಟಿನ್ ಅನ್ನುವ ಪ್ರೋಟೀನಿನ ಎಳೆ. ಅದರ ಮೇಲೆ ಹಂಚು ಹೊದಿಸಿದ ಹಾಗೆ ತೆಳ್ಳನೆಯ ಹೊದಿಕೆಗಳಿವೆ. ಬಿಸಿಲು, ಬಣ್ಣ, ಬಿಸಿ ಯಂತ್ರಗಳಿಂದ ಆ ಹಂಚು ಎದ್ದಾಗ ಕೂದಲು ಒರಟಾಗುತ್ತದೆ. ಕಂಡೀಷನರ್ ಅಲ್ಲಿ ಅಂಟಿಕೊಂಡು ಅದನ್ನು ಮಟ್ಟಸ ಮಾಡುತ್ತದೆ. ಡೈಮೆಥಿಕೋನ್‌ನಂಥ ಸಿಲಿಕೋನ್ ಇದ್ದರೆ ಕನ್ನಡಿಯಂಥ ಹೊಳಪು ಬರುತ್ತದೆ. ಇದರಲ್ಲಿ ಮೋಸ ಏನೂ ಇಲ್ಲ. ಆದರೆ ‘ಸೀಳಿದ ತುದಿ ರಿಪೇರಿ ಆಯಿತು’ ಅಂತ ಬರೆದಿದ್ದರೆ, ಅದು ತೊಳೆಯುವವರೆಗೆ ಅಂಟಿಸಿದ್ದು ಅಂತ ಓದಿಕೊಳ್ಳಿ. ಜೀವ ಇಲ್ಲದ ಎಳೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಸೀಳಿದ ತುದಿಗೆ ಕತ್ತರಿಯೇ ಔಷಧ.

ಈಗ ಬಾಟಲಿಯ ಮೇಲಿನ ಮಾತಿಗೆ ಬರೋಣ. ‘ಕೂದಲು ಉದುರುವುದನ್ನು ಕಡಿಮೆ ಮಾಡುತ್ತದೆ’ ಅನ್ನುವ ಸಾಲಿನ ಪಕ್ಕ ಒಂದು ಪುಟ್ಟ ನಕ್ಷತ್ರದ ಗುರುತು ಇರುತ್ತದೆ. ಅದನ್ನು ಹಿಂಬಾಲಿಸಿಕೊಂಡು ಹೋದರೆ ಬಾಟಲಿಯ ಬುಡದಲ್ಲಿ ‘ತುಂಡಾಗುವುದರಿಂದ ಉದುರುವ ಕೂದಲು’ ಅಂತಲೋ ‘ಕಂಡೀಷನರ್ ಇಲ್ಲದ ಶಾಂಪೂಗೆ ಹೋಲಿಸಿದಾಗ’ ಅಂತಲೋ ಬರೆದಿರುತ್ತದೆ. ಕೂದಲು ಉದುರುವುದು ಅಂದಾಗ ನಮ್ಮ ಮನಸ್ಸಿಗೆ ಬರುವುದು ಬುಡದಿಂದ ಬರುವ ಕೂದಲು. ಅವರು ಹೇಳುತ್ತಿರುವುದು ಬಾಚುವಾಗ ನಡುವೆ ತುಂಡಾಗುವ ಕೂದಲು. ಕಂಡೀಷನರ್ ಇದ್ದರೆ ಸಿಕ್ಕು ಕಡಿಮೆ, ತುಂಡಾಗುವುದೂ ಕಡಿಮೆ. ಹೇಳಿದ್ದು ನಿಜ. ನಾವು ಕೇಳಿಸಿಕೊಂಡದ್ದು ಬೇರೆ.

ನಿಮ್ಮದು ಯಾವುದು ಅಂತ ಮನೆಯಲ್ಲೇ ನೋಡಿಕೊಳ್ಳಬಹುದು. ಬಾಚಣಿಗೆಯಿಂದ ಹತ್ತು ಕೂದಲು ತೆಗೆದು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದದ್ದು. ಎರಡೂ ತುದಿ ಬೋಳಾಗಿ, ಉದ್ದವೂ ಕಡಿಮೆ ಇದ್ದರೆ ತುಂಡಾದದ್ದು. ಆ ಬಿಳಿ ಗಂಟು ಕಂಡರೆ ಬೇರೇ ಕಿತ್ತುಬಂತು ಅಂತ ಹೆದರಬೇಡಿ. ಬುಡ ಒಳಗೇ ಇರುತ್ತದೆ. ಹತ್ತರಲ್ಲಿ ಒಂಬತ್ತಕ್ಕೆ ಗಂಟು ಇದ್ದರೆ ಆ ಶಾಂಪೂವಿನ ಆಶ್ವಾಸನೆ ನಿಮ್ಮ ತೊಂದರೆಗೆ ಸಂಬಂಧಿಸಿದ್ದೇ ಅಲ್ಲ.

‘ಚರ್ಮತಜ್ಞರು ಪರೀಕ್ಷಿಸಿದ್ದು’ ಅಂದರೆ ಚರ್ಮದ ಮೇಲೆ ಹಚ್ಚಿ ನೋಡಿದ್ದಾರೆ ಅಂತ ಮಾತ್ರ. ಕೂದಲು ಬೆಳೆಯಿತು ಅಂತ ಅರ್ಥ ಅಲ್ಲ. ‘ಕೆಮಿಕಲ್ ಇಲ್ಲ’ ಅನ್ನುವುದನ್ನು ನಾನು ಓದುವುದೇ ಬಿಟ್ಟಿದ್ದೇನೆ. ನೀರೂ ಕೆಮಿಕಲ್ಲೇ.

‘ಸಂಶೋಧನೆಯಲ್ಲಿ ಸಾಬೀತಾಗಿದೆ’ ಅನ್ನುವ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ. ಏಕೆಂದರೆ ಎಷ್ಟೋ ಸಲ ಸಂಶೋಧನೆ ನಿಜವಾಗಿಯೂ ಇರುತ್ತದೆ. ರೋಸ್‌ಮರಿ ಎಣ್ಣೆ ತಗೊಳ್ಳಿ. ಅದು ಮಿನಾಕ್ಸಿಡಿಲ್‌ಗೆ ಸಮ ಅಂತ ಎಲ್ಲ ಕಡೆ ಹರಿದಾಡುವ ಮಾತಿನ ಮೂಲ 2015ರ ಒಂದು ಅಧ್ಯಯನ. 100 ಜನ ಗಂಡಸರು, ಎರಡು ಗುಂಪು, ಆರು ತಿಂಗಳು. ಒಂದು ಗುಂಪಿಗೆ ರೋಸ್‌ಮರಿ, ಇನ್ನೊಂದಕ್ಕೆ 2% ಮಿನಾಕ್ಸಿಡಿಲ್. ಮೂರು ತಿಂಗಳಿಗೆ ಎರಡರಲ್ಲೂ ಗಮನಿಸುವಂಥ ಬದಲಾವಣೆ ಇರಲಿಲ್ಲ. ಆರು ತಿಂಗಳಿಗೆ ಎರಡರಲ್ಲೂ ಕೂದಲ ಸಂಖ್ಯೆ ಸ್ವಲ್ಪ ಹೆಚ್ಚಾಗಿತ್ತು. ಏನೂ ಔಷಧ ಇಲ್ಲದ ದ್ರವ ಹಚ್ಚಿಕೊಂಡ ಮೂರನೇ ಗುಂಪು ಅದರಲ್ಲಿ ಇರಲಿಲ್ಲ. ಇದರಿಂದ ರೋಸ್‌ಮರಿ ಕೆಲಸ ಮಾಡುವುದಿಲ್ಲ ಅಂತ ಹೇಳಲಾಗದು. ‘15 ದಿನದಲ್ಲಿ ದಟ್ಟ ಕೂದಲು’ ಅಂತ ಹೇಳಲು ಮಾತ್ರ ಈ ಅಧ್ಯಯನ ಒಂಚೂರೂ ಆಸರೆ ಕೊಡುವುದಿಲ್ಲ.

ಈರುಳ್ಳಿ ರಸದ ಕತೆ ನನಗೆ ಇನ್ನೂ ಬೇಸರ ತರುತ್ತದೆ. ಅದರ ಹಿಂದಿರುವುದು 2002ರ ಅಧ್ಯಯನ. ಕೇವಲ 38 ಜನ. ಅವರಿಗೆ ಇದ್ದದ್ದು ಅಲೋಪೇಶಿಯಾ ಏರಿಯೇಟಾ. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ತಿರುಗಿಬಿದ್ದು, ನಾಣ್ಯದಷ್ಟಗಲ ಬೋಳು ಮಾಡುವ ಕಾಯಿಲೆ ಅದು. ರಸ ಹಚ್ಚಿದವರಲ್ಲಿ ಹೆಚ್ಚಿನವರಿಗೆ ಆರು ವಾರದಲ್ಲಿ ಕೂದಲು ಬಂತು, ನೀರು ಹಚ್ಚಿದವರಲ್ಲಿ ಕೆಲವರಿಗೆ ಮಾತ್ರ ಬಂತು. ಈ ಕಾಯಿಲೆಯಲ್ಲಿ ಕೂದಲು ತಾನಾಗಿ ಮರಳಿ ಬರುವುದೂ ಉಂಟು. ಅದನ್ನೇ ಈಗ ಎಲ್ಲರ ಎಲ್ಲ ಬಗೆಯ ಕೂದಲು ಉದುರುವಿಕೆಗೂ ಸಾಬೀತಾದ ಮದ್ದು ಅಂತ ಮಾರುತ್ತಾರೆ. ಒಂದು ಕಾಯಿಲೆಯ ಅಧ್ಯಯನವನ್ನು ಬೇರೆ ತೊಂದರೆಯ ಬಾಟಲಿಗೆ ಅಂಟಿಸುವುದು ತಪ್ಪು. ಭಯದಲ್ಲಿರುವ ಜನರಿಗೆ ಹೀಗೆ ಮಾಡಬಾರದು.

ಕೊಬ್ಬರಿ ಎಣ್ಣೆಯ ಬಗ್ಗೆ ಒಳ್ಳೆಯ ಮಾತೂ ಇದೆ. 2003ರಲ್ಲಿ ಬಂದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿದ್ದರು. ಕೂದಲಿನಿಂದ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರವಾದದ್ದು, ಎಳೆಯ ಒಳಕ್ಕೆ ಇಳಿಯುತ್ತದೆ. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಸಂಶೋಧಕರೇ ಅನ್ನುವುದೂ ನಿಮಗೆ ಗೊತ್ತಿರಲಿ. ಅಷ್ಟಕ್ಕೇ ಅದು ಸುಳ್ಳಾಗುವುದಿಲ್ಲ. ಅಲ್ಲಿ ಅಳೆದದ್ದು ಇರುವ ಕೂದಲಿನ ಸವೆತವನ್ನು. ಹೊಸ ಕೂದಲು ಹುಟ್ಟುವುದನ್ನು ಅಳೆಯಲೇ ಇಲ್ಲ. ಇನ್ನು ತಲೆಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಸುರಿದರೆ ಹೊಟ್ಟು ಹೆಚ್ಚಬಹುದು. ಹೊಟ್ಟಿನ ಹಿಂದಿರುವ ಮಲಸೀಜಿಯಾ ಅನ್ನುವ ಶಿಲೀಂಧ್ರಕ್ಕೆ ಕೊಬ್ಬಿನಂಶವೇ ಆಹಾರ.

ಇನ್ನು ಬಾಟಲಿಯ ಹಿಂಭಾಗ. ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಆದರೆ 1%ಗಿಂತ ಕಡಿಮೆ ಇರುವವನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು, ಹಲವು ದೇಶಗಳ ನಿಯಮ ಹಾಗಿದೆ. ಆ ಗೆರೆ ಎಲ್ಲಿದೆ ಅಂತ ಊಹಿಸಲು ಒಂದು ದಾರಿ ಹೇಳುತ್ತೇನೆ. ಫಿನಾಕ್ಸಿಎಥನಾಲ್ ಅನ್ನುವ ಹೆಸರು ಹುಡುಕಿ. ಕೆಡದಂತೆ ಇಡುವ ಪದಾರ್ಥ ಅದು. ಯುರೋಪಿನ ನಿಯಮದ ಪ್ರಕಾರ ಅದು 1% ಮೀರುವಂತಿಲ್ಲ. ಬಾಟಲಿಯ ಮುಂದೆ ದೊಡ್ಡ ಚಿತ್ರ ಹಾಕಿದ ಗಿಡಮೂಲಿಕೆ ಅದರ ನಂತರ ಬಂದಿದ್ದರೆ, ಆ ಮೂಲಿಕೆ ಇರುವುದು ಹೆಚ್ಚೆಂದರೆ 1%. ಕೆಲವು ಪದಾರ್ಥಗಳು ಅಷ್ಟು ಕಡಿಮೆಯಲ್ಲೂ ಕೆಲಸ ಮಾಡುತ್ತವೆ, ಅದು ಬೇರೆ ವಿಷಯ. ಚಿತ್ರಕ್ಕೂ ಪ್ರಮಾಣಕ್ಕೂ ಸಂಬಂಧ ಇಲ್ಲ ಅನ್ನುವುದು ಗೊತ್ತಿದ್ದರೆ ಸಾಕು.

‘ಪ್ಯಾರಾಬೆನ್ ಇಲ್ಲ’ ಅನ್ನುವುದರ ಹಿಂದೆ ಒಂದು ಇತಿಹಾಸ ಇದೆ. ನೀರಿರುವ ಯಾವ ವಸ್ತುವಿಗೂ ಬೂಷ್ಟು, ಬ್ಯಾಕ್ಟೀರಿಯಾ ತಡೆಯುವ ಏನಾದರೂ ಬೇಕೇ ಬೇಕು. ಪ್ಯಾರಾಬೆನ್ ಅಂಥದ್ದೊಂದು. ಅದರ ಮೇಲೆ ಭಯ ಹುಟ್ಟಿದ ಮೇಲೆ ಕೆಲವರು ಅದರ ಬದಲು ಮೀಥೈಲ್‌ಐಸೋಥಯಾಜೋಲಿನೋನ್ ಹಾಕಿದರು. ಅದರಿಂದ ಎಷ್ಟು ಜನರಿಗೆ ಚರ್ಮದ ಅಲರ್ಜಿ ಆಯಿತೆಂದರೆ, ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ ಅಂತ ಹೆಸರಿಸಿತು. ತೊಳೆಯದೆ ಹಾಗೇ ಬಿಡುವ ಉತ್ಪನ್ನಗಳಲ್ಲಿ ಅದನ್ನು ಯುರೋಪ್ 2017ರಲ್ಲಿ ನಿಷೇಧಿಸಿತು. ಅದೇ ಸಂಘ 2019ರಲ್ಲಿ ಪ್ಯಾರಾಬೆನ್‌ಗಳನ್ನು ‘ವರ್ಷದ ಅಲರ್ಜಿ ಮಾಡದ ಪದಾರ್ಥ’ ಅಂತ ಕರೆಯಿತು. ‘ಇದು ಇಲ್ಲ’ ಅಂತ ಓದಿದಾಗ ‘ಹಾಗಾದರೆ ಅದರ ಬದಲು ಏನಿದೆ?’ ಅಂತ ಕೇಳಿಕೊಳ್ಳಿ.

ಈ ಪ್ರಶ್ನೆ ಕೆಲವು ಕಡೆ ಪ್ರಾಣಕ್ಕೇ ಸಂಬಂಧಿಸಿದ್ದು. ಕೂದಲು ನೇರ ಮಾಡುವ ಕೆಲವು ಕೆರಾಟಿನ್ ಉತ್ಪನ್ನಗಳ ಮೇಲೆ ‘ಫಾರ್ಮಾಲ್ಡಿಹೈಡ್ ಇಲ್ಲ’ ಅಂತ ಬರೆದಿದ್ದರೂ ಅದು ಇರುವುದು ಪತ್ತೆಯಾಗಿ, 2011ರಲ್ಲಿ ಅಮೆರಿಕದ ಕೆಲಸದ ಸ್ಥಳಗಳ ಸುರಕ್ಷತೆ ನೋಡುವ ಓಶಾ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಪಟ್ಟಿಯಲ್ಲಿ ಮಿಥಿಲೀನ್ ಗ್ಲೈಕಾಲ್ ಅಂತ ಇರಬಹುದು. ಅದು ಫಾರ್ಮಾಲ್ಡಿಹೈಡ್ ನೀರಿಗೆ ಸೇರಿದಾಗಿನ ರೂಪ. ಬಿಸಿ ಮಾಡಿದರೆ ಫಾರ್ಮಾಲ್ಡಿಹೈಡ್ ಅನಿಲವಾಗಿ ಹೊರಬರುತ್ತದೆ. ಕ್ಯಾನ್ಸರ್ ತರುವ ಪದಾರ್ಥ ಅಂತ ಅದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ರಿವ್ಯೂನಲ್ಲಿ ‘ಕಣ್ಣು ಉರಿಯಿತು, ಗಂಟಲು ಕೆರೆಯಿತು, ಆದರೆ ಕೂದಲು ರೇಷ್ಮೆಯ ಹಾಗಾಯಿತು’ ಅಂತ ಬರೆದು ಐದು ಸ್ಟಾರ್ ಕೊಟ್ಟಿದ್ದನ್ನು ನೋಡಿದ್ದೇನೆ. ಅಂಥ ರಿವ್ಯೂನ ಮೊದಲ ಅರ್ಧ ಓದಿ, ಸ್ಟಾರ್ ಮರೆತುಬಿಡಿ.

ಬಣ್ಣದ ವಿಷಯವೂ ಹಾಗೇ. ಶುದ್ಧ ಮೆಹಂದಿ ಎಲೆ ಕೊಡುವುದು ಕೇಸರಿ-ಕೆಂಪು ಬಣ್ಣ. ‘ನೂರಕ್ಕೆ ನೂರು ಮೆಹಂದಿ, ಕಡುಕಪ್ಪು’ ಅಂದರೆ ಒಳಗೆ ಇನ್ನೇನೋ ಇದೆ. ಹಲವು ಸಲ ಅದು ಪಿಪಿಡಿ ಅನ್ನುವ ರಾಸಾಯನಿಕ ಬಣ್ಣ. ಕೆಲವರಿಗೆ ಅದರಿಂದ ಮುಖ, ಕಣ್ಣು ಊದಿಕೊಳ್ಳುವಷ್ಟು ಅಲರ್ಜಿ ಆಗುತ್ತದೆ. ಒಂಬತ್ತು ಸಲ ಏನೂ ಆಗದೆ ಹತ್ತನೇ ಸಲ ಆಗಬಹುದು. ಹಾಗಾಗಿ ‘ನನಗೇನೂ ಆಗಲಿಲ್ಲ’ ಅನ್ನುವ ಸಾವಿರ ರಿವ್ಯೂ ಓದಿದರೂ, ಪೊಟ್ಟಣದ ಮೇಲೆ ಹೇಳಿದಂತೆ 48 ಗಂಟೆ ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ನೋಡುವುದನ್ನು ಬಿಡಬೇಡಿ.

ದುಡ್ಡು ಕೊಟ್ಟು ಬರೆಸಿದ ರಿವ್ಯೂಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆನ್‌ಲೈನ್ ರಿವ್ಯೂ ಹೇಗೆ ಸಂಗ್ರಹಿಸಬೇಕು ಅನ್ನುವುದಕ್ಕೆ 2018ರಿಂದ ಐಎಸ್ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ ಇದೆ. ಅಮೆರಿಕದಲ್ಲಿ ನಕಲಿ ರಿವ್ಯೂ ಮಾರುವುದು, ಕೊಳ್ಳುವುದನ್ನು ನಿಷೇಧಿಸುವ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಇಷ್ಟಾದರೂ ನಮ್ಮ ಕಣ್ಣು ನಮಗೆ ಬೇಕು. ಒಂದೇ ವಾರದಲ್ಲಿ ರಾಶಿ ರಿವ್ಯೂ ಬಂದಿದೆಯಾ ನೋಡಿ. ಹಳೆಯ ರಿವ್ಯೂಗಳು ಬೇರೆ ಉತ್ಪನ್ನದ ಬಗ್ಗೆ ಮಾತಾಡುತ್ತಿವೆಯಾ ನೋಡಿ. ಬಾಟಲಿಯ ಮೇಲಿನ ಪೂರ್ತಿ ಹೆಸರನ್ನೇ ಮತ್ತೆ ಮತ್ತೆ ಬರೆಯುವವರನ್ನು ಅನುಮಾನಿಸಿ. ಸಾಮಾನ್ಯ ಜನ ‘ಈ ಎಣ್ಣೆ’ ಅಂತಾರೆ, ಅಷ್ಟೇ. ತುಂಬ ಖುಷಿಯಾದವರು, ತುಂಬ ಸಿಟ್ಟಾದವರು ಬರೆಯುವುದು ಜಾಸ್ತಿ. ನಡುವಿನವರು ಸುಮ್ನೆ ಇದ್ದುಬಿಡುತ್ತಾರೆ. ಅದಕ್ಕೇ ನಾನು ಮೂರು ಸ್ಟಾರ್‌ನಿಂದ ಓದಲು ಶುರು ಮಾಡುತ್ತೇನೆ.

ಮೊದಲು-ಆಮೇಲೆ ಫೋಟೋಗಳನ್ನು ನೋಡುವಾಗ ಬೈತಲೆ ನೋಡಿ. ಎರಡರಲ್ಲೂ ಬೈತಲೆ ಒಂದೇ ಜಾಗದಲ್ಲಿದೆಯಾ? ಬೆಳಕು ಒಂದೇ ಕಡೆಯಿಂದ ಬರುತ್ತಿದೆಯಾ? ಒದ್ದೆ ಕೂದಲು ಗುಂಪು ಗುಂಪಾಗಿ ಅಂಟಿಕೊಂಡು ನೆತ್ತಿ ಕಾಣಿಸುತ್ತದೆ, ಒಣಗಿದರೆ ಅದೇ ತಲೆ ದಟ್ಟವಾಗಿ ಕಾಣುತ್ತದೆ. ಯಾವ ಎಣ್ಣೆಯೂ ಇಲ್ಲದೆ, ಹತ್ತು ನಿಮಿಷದಲ್ಲಿ ನಿಮ್ಮ ತಲೆಯದೇ ಅಂಥ ಎರಡು ಫೋಟೋ ತೆಗೆದು ನೋಡಿ.

ಇಷ್ಟೆಲ್ಲ ತಿಳಿದ ಮೇಲೆ ನಾನು ನನ್ನ ಹಳೆಯ ರಿವ್ಯೂ ಹುಡುಕಿ ತಿದ್ದಿದೆ. ‘ನನಗೆ ಜ್ವರ ಬಂದು ಎರಡೂವರೆ ತಿಂಗಳಿಗೆ ಕೂದಲು ಉದುರಿತು. ಎಣ್ಣೆ ಹಚ್ಚುತ್ತಿದ್ದಾಗ ನಿಂತಿತು. ಹಚ್ಚದಿದ್ದರೂ ನಿಲ್ಲುತ್ತಿತ್ತು ಅನಿಸುತ್ತದೆ. ನನ್ನದು ನೇರ, ತೆಳ್ಳಗಿನ ಕೂದಲು, ಬಣ್ಣ ಹಾಕಿಲ್ಲ. ವಾಸನೆ ಚೆನ್ನಾಗಿದೆ, ತೊಳೆದರೆ ಜಿಡ್ಡು ಉಳಿಯುವುದಿಲ್ಲ.’ ಸ್ಟಾರ್ ಮೂರು. ನೀವು ಬರೆಯುವಾಗಲೂ ದಯವಿಟ್ಟು ಎಷ್ಟು ತಿಂಗಳು ಬಳಸಿದಿರಿ, ನಿಮ್ಮ ಕೂದಲು ಎಂಥದ್ದು, ಜೊತೆಗೆ ಬೇರೇನು ಬದಲಾಯಿತು ಅಂತ ಬರೆಯಿರಿ. ಓದುವವರಿಗೆ ಬೇಕಾದದ್ದು ಅದೇ.

ಕೊನೆಗೆ ಪ್ರಶ್ನೆಗಳಿಗೆ ಸಮಯ ಇತ್ತು. ಒಬ್ಬರು ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ಬಗ್ಗೆ ಕೇಳಿದರು. ಬಯೋಟಿನ್ ಕೊರತೆ ಅಪರೂಪ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬೆಳೆಯುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಆದರೆ ಜಾಸ್ತಿ ಪ್ರಮಾಣದ ಬಯೋಟಿನ್ ರಕ್ತ ಪರೀಕ್ಷೆಗಳ ಫಲಿತಾಂಶ ತಪ್ಪಿಸಬಹುದು. ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆ ಕೂಡ ಇದರಲ್ಲಿ ಸೇರಿವೆ. ಅಮೆರಿಕದಲ್ಲಿ ಆಹಾರ, ಔಷಧಗಳ ಮೇಲೆ ಕಣ್ಣಿಡುವ ಎಫ್‌ಡಿಎ ಸಂಸ್ಥೆ 2017ರಲ್ಲಿ ಈ ಎಚ್ಚರಿಕೆ ಕೊಟ್ಟಿದೆ. ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲು ಹೇಳಿ.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ‘ಮೇಡಂ, ಎಲ್ಲದಕ್ಕೂ ಮೂರು ತಿಂಗಳು ಕಾಯಿರಿ ಅಂತೀರಲ್ಲ, ಯಾವಾಗ ಕಾಯಬಾರದು?’ ಅಂತ ಕೇಳಿದಳು. ಅವಳ ಪ್ರಶ್ನೆ ಬಹಳ ಮುಖ್ಯ. ಕೂದಲು ಹೋದ ಜಾಗದಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಾ, ಕೂದಲು ಹೊರಬರುವ ರಂಧ್ರಗಳೇ ಕಾಣದಿದ್ದರೆ. ಅಲ್ಲಿ ಉರಿ, ನೋವು, ಕೀವು, ಕೆಂಪು ಇದ್ದರೆ. ನಾಣ್ಯದಷ್ಟಗಲ ಜಾಗ ಇದ್ದಕ್ಕಿದ್ದಂತೆ ಬೋಳಾದರೆ. ಹುಬ್ಬಿನ ಕೂದಲೂ ಹೋಗುತ್ತಿದ್ದರೆ. ಕೂದಲ ಬುಡವನ್ನೇ ಸುಟ್ಟು ಗಾಯದ ಗುರುತು ಉಳಿಸುವ ಕೆಲವು ಕಾಯಿಲೆಗಳಿವೆ. ಅವುಗಳಲ್ಲಿ ಒಮ್ಮೆ ಹೋದ ಬುಡ ಮತ್ತೆ ಬರುವುದಿಲ್ಲ. ಚಿಕಿತ್ಸೆಯಿಂದ ಉಳಿಸಬಹುದಾದದ್ದು ಆ ದಿನ ಇನ್ನೂ ಇರುವ ಬುಡಗಳನ್ನು ಮಾತ್ರ. ಹಾಗಾಗಿ ಇವುಗಳಲ್ಲಿ ಯಾವುದು ಕಂಡರೂ ಹೊಸ ಬಾಟಲಿ ತರಿಸಬೇಡ, ಆ ವಾರವೇ ಚರ್ಮದ ಡಾಕ್ಟರ ಹತ್ತಿರ ಹೋಗು ಅಂತ ಅವಳಿಗೆ ಹೇಳಿದೆ.